ಅಲ್ಲಾಡಿದ ಚಿಕ್ಕಮ್ಮ

ನಮ್ಮ ಮನೆಯ ಅಡುಗೆ ಸೋಡಾ ಡಬ್ಬಿ ಬೋಂಡಾಕ್ಕಿಂತ ಹೆಚ್ಚಾಗಿ ಫಿಲ್ಮಿಗೇ ಖಾಲಿಯಾಗುತ್ತದೆ ಎಂದರೆ ನೀವು ನಗುತ್ತೀರಿ. ನಗಿ, ನಮ್ಮ ಯಜಮಾನರೂ ನಗುತ್ತಾರೆ. ಸಿನಿಮಾ ಶೂಟಿಂಗಿನಲ್ಲಿ ಮಿಕ್ಕ ತುಂಡು ಫಿಲ್ಮನ್ನು ತರಿಸಿಕೊಂಡು, ನನ್ನ ಹಳೆಯ ಸ್ಟಿಲ್ ಕ್ಯಾಮೆರಾಗೆ ತುಂಬಿ ಫೋಟೊ ತೆಗೆದು, ಮನೆಯಲ್ಲೇ ತೊಳೆದುಕೊಳ್ಳುವ ಹುಚ್ಚು ನನ್ನದು. ಆ ಫಿಲ್ಮಿನ ಬೆನ್ನಿಗೆ ಮಸಿಯಂಥ ಒಂದು ಲೇಪವಿರುತ್ತದೆ. ಅದನ್ನು ಬಿಡಿಸಲು ಬಿಸಿನೀರಿಗೆ ಸೋಡಾ ಕದಡಬೇಕು. ಕಾಡಿಗೆ ಕರಗಿದಂಥ ಆ ನೀರು ಬಚ್ಚಲಿಗೆ ಹರಿಯುವಾಗಲೆಲ್ಲ ನನಗೆ ರಾಯಲ್ಪಾಡಿನ ಚಿಕ್ಕಮ್ಮ ನೆನಪಾಗುತ್ತಾಳೆ.

ಚಿಕ್ಕಮ್ಮ ನನ್ನ ಅಮ್ಮನ ತಂಗಿ. ಮಾವಿನ ತೋಪಿನಿಂದ ಮನೆಗೆ, ಮನೆಯಿಂದ ಬಸ್ ಸ್ಟ್ಯಾಂಡಿಗೆ, ಕಾಲಿಗೆ ಚಕ್ರ ಕಟ್ಟಿಕೊಂಡೇ ಹುಟ್ಟಿದವಳಂತೆ ಓಡಾಡಿದವಳು. ಮೂರು ವರ್ಷದ ಹಿಂದೆ ತೋಪಿನ ದಾರಿಯಲ್ಲಿ ಅವಳನ್ನು ನಿಲ್ಲಿಸಿ, "ಇದು ಸಿನಿಮಾ ರೀಲು ಚಿಕ್ಕಮ್ಮ" ಎಂದು ಜಂಬ ಕೊಚ್ಚಿ ಗುಂಡಿ ಒತ್ತುವಷ್ಟರಲ್ಲಿ, ಅವಳು ಸೆರಗು ಸಿಕ್ಕಿಸಿ, ಕೈ ಬೀಸಿಕೊಂಡು ನನ್ನತ್ತ ಬಂದೇಬಿಟ್ಟಳು.

"ಅಯ್ಯೋ, ಅಲ್ಲಾಡಬಾರ್ದಿತ್ತು!" ಎಂದೆ.

"ಏಮೇ, ಸಿನಿಮಾ ರೀಲು ಅಂತೀಯ, ಬೊಂಬೆ ಥರ ನಿಂತ್ಕೋ ಅಂತೀಯ. ಸಿನಿಮಾದಲ್ಲಿ ಯಾರಾದ್ರೂ ಸುಮ್ನೆ ನಿಂತಿರ್ತಾರೇನೇ?"

ಚಲಿಸಲೆಂದೇ ಹುಟ್ಟಿದ ಫಿಲ್ಮಿನ ಮನಸ್ಸು ಅವಳಿಗೆ ಅರ್ಥವಾಗಿತ್ತು, ನನಗೆ ಆಗಿರಲಿಲ್ಲ. ಒಂದು ಚಿತ್ರ ದಂಡವಾಯಿತೆಂಬ ಸಿಟ್ಟಿಗೆ ಇನ್ನೊಂದು ತೆಗೆಯಲಿಲ್ಲ. ಮಿಕ್ಕ ರೀಲೆಲ್ಲ ಮಾರನೆಯ ದಿನ ಮಾಲೂರಿನ ಇಟ್ಟಿಗೆ ಗೂಡುಗಳಿಗೆ ಹೋಯಿತು. ಅವು ಅಲ್ಲಾಡಲಿಲ್ಲ, ಚೆನ್ನಾಗಿ ಬಂದವು.

ಹೋದ ವರ್ಷ ಚಿಕ್ಕಮ್ಮನಿಗೆ ಲಕ್ವ ಹೊಡೆದು ಎಡಭಾಗ ಸ್ವಾಧೀನ ತಪ್ಪಿತು. ಈಗ ಜಗಲಿಯ ಕುರ್ಚಿಯೇ ಅವಳಿಗೆ ತೋಪು, ಅದೇ ಬಸ್ ಸ್ಟ್ಯಾಂಡು. ಆಗ ಆ ಕೆಟ್ಟ ಫೋಟೊ ಹುಡುಕಿ ತೆಗೆದೆ. ಮುಖವೆಲ್ಲ ಕಲಸಿಹೋಗಿದೆ, ಕೈ ಬರೀ ಮಂಜು. ಆದರೆ ನಡಿಗೆ ಇದೆ! ಮದುವೆ ಫೋಟೊಗಳಲ್ಲಿ ನೆಟ್ಟಗೆ ನಿಂತವಳು ಯಾರೋ, ನಮ್ಮ ಚಿಕ್ಕಮ್ಮ ಇವಳೇ. ಸಿನಿಮಾದಲ್ಲಿ ಸೆಕೆಂಡಿಗೆ ಇಪ್ಪತ್ನಾಲ್ಕು ಚಿತ್ರ ಓಡುತ್ತವೆ. ನನ್ನ ರೀಲಿನಲ್ಲಿದ್ದದ್ದು ಮೂವತ್ತಾರು. ಅಷ್ಟನ್ನೂ ಅವಳಿಗೇ ಕೊಟ್ಟಿದ್ದರೆ ಒಂದೂವರೆ ಸೆಕೆಂಡಿನ ನಡಿಗೆ ನನ್ನ ಬಳಿ ಉಳಿಯುತ್ತಿತ್ತು. ನನ್ನ ಕ್ಯಾಮೆರಾಗೆ ಅಷ್ಟು ವೇಗವಿಲ್ಲವೆನ್ನಿ, ಆದರೆ ಆಸೆಗೆ ಅದೆಲ್ಲ ಎಲ್ಲಿ ತಿಳಿಯುತ್ತದೆ? ಇಟ್ಟಿಗೆಗೆ ಕೊಟ್ಟೆನಲ್ಲ, ಎಂಥ ಪಾಪಿ ನಾನು!

ಹೋದ ವಾರ ಫೋಟೊ ಒಯ್ದು ಕೊಟ್ಟೆ. ಬಲಗೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿ, "ನಡೀತಾ ಇದೀನಲ್ಲೇ" ಎಂದಳು. ಆಮೇಲೆ ತೊದಲುತ್ತ ಕೇಳಿದಳು, "ಮುಂದೇನಾಯ್ತೇ?"

ಕ್ಯಾಮೆರಾದಲ್ಲಿ ಹೊಸ ರೀಲಿತ್ತು. "ಮುಂದಿಂದು ಈಗ ತೆಗೀತೀನಿ ಚಿಕ್ಕಮ್ಮ."

"ಅಲ್ಲಾಡ್ಲಾ?"

"ಅಲ್ಲಾಡು."

ಚಲನೆ ಹೋದರೇನು, ಛಲ ಎಲ್ಲಿಗೆ ಹೋದೀತು? ಚೆನ್ನಾಗಿರುವ ಬಲಗೈಯನ್ನು ಬಿಟ್ಟು, ಹಲ್ಲು ಕಚ್ಚಿ ಎಡಗೈಯನ್ನೇ ಎತ್ತಲು ಹೊರಟಳು. ಮೂವತ್ತಾರೂ ತೆಗೆದೆ.

ನಿನ್ನೆ ಮತ್ತೆ ಸೋಡಾ ಡಬ್ಬಿ ಇಳಿಸಿದೆ. ಮಸಿ ಹರಿದುಹೋಯಿತು. ಒಣಗಿದ ಫಿಲ್ಮನ್ನು ಅಡುಗೆಮನೆಯ ಕಿಟಕಿಗೆ ಹಿಡಿದು ಒಂದೊಂದೇ ಚಿತ್ರ ನೋಡುತ್ತ ಹೋದೆ. ಕಣ್ಣು ಸ್ಪಷ್ಟ, ಸೆರಗಿನ ಅಂಚು ಸ್ಪಷ್ಟ, ಮಡಿಲಲ್ಲಿ ಬಿದ್ದ ಎಡಗೈಯೂ ಸ್ಪಷ್ಟ. ಇಷ್ಟು ಒಳ್ಳೆಯ ಫೋಟೊಗಳನ್ನು ನಾನು ತೆಗೆದೇ ಇರಲಿಲ್ಲ, ನೋಡನೋಡುತ್ತ ಅಳು ಬಂತು. ಮೂವತ್ತೊಂದನೆಯದರಲ್ಲಿ ಎಡಗೈಯ ಕಿರುಬೆರಳು ಮಂಜಾಗಿತ್ತು.

"ರೀ, ಬನ್ರೀ ಇಲ್ಲಿ, ಅಲ್ಲಾಡಿದಾಳೆ ಕಣ್ರೀ!" ಎಂದು ಕೂಗಿಕೊಂಡೆ.