ಸೋವಿ ಬಜಾರ ಮುಚ್ಚಿದ ಮೇಲೆ ಮಾಯಕ್ಕ

ಸೀರೆ ಅಂಗಡಿಯಿಂದ ಕೊಳ್ಳದೆ ಎದ್ದು ಬರುವುದನ್ನು ಖಾನಾಪುರದ ಹೆಂಗಸರಿಗೆ ಕಲಿಸಿದವರು ಯಾರೆಂದು ಕೇಳಿದರೆ ಮಾಯಕ್ಕನ ಹೆಸರನ್ನೇ ಹೇಳಬೇಕು.

ಮೊದಲು ಅವಳು ಪೇಟೆಯ ತಮ್ಮಣ್ಣ ಸಾವ್ಕಾರರ ಅಂಗಡಿಯಲ್ಲಿ ಗಾದಿಯ ಮೇಲೆ ಕೂತು ಸೀರೆ ಬಿಚ್ಚಿ ತೋರಿಸುತ್ತಿದ್ದಳು. ಗಿರಾಕಿ ಎದ್ದ ಮೇಲೆ ಎಲ್ಲವನ್ನೂ ಮಡಚಿಡುವುದೂ ಅವಳದೇ ಕೆಲಸ. ಅಲ್ಲಿ ನಾಲ್ಕು ಸೀರೆ ಬಿಚ್ಚಿಸಿದವರಿಗೆ ಬರಿಗೈಯಲ್ಲಿ ಏಳಲು ಮುಖವಿರುತ್ತಿರಲಿಲ್ಲ. ಬೇಡವಾದದ್ದನ್ನಾದರೂ ಒಂದು ಕಟ್ಟಿಸಿಕೊಂಡು ಹೋಗುತ್ತಿದ್ದರು. ಅಷ್ಟರಲ್ಲಿ ಬೆಳಗಾವಿಯ ಸೋವಿ ಬಜಾರ ಖಾನಾಪುರಕ್ಕೂ ಬಂತು. ಗಾಜಿನ ಬಾಗಿಲು, ಎಣ್ಣೆ-ಸಕ್ಕರೆಯಿಂದ ಹಿಡಿದು ಬಟ್ಟೆಬರೆಯವರೆಗೆ ಎಲ್ಲಾ ಒಂದೇ ಸೂರಿನಡಿ, ಬೆಲೆ ಪೇಟೆಗಿಂತ ಕಡಿಮೆ. ಕೂತೆದ್ದು ಮಾಯಕ್ಕನ ಮೊಣಕಾಲು ಸೋತಿದ್ದವು. ಪಗಾರವೂ ಚಲೋ ಇತ್ತು. ಬಾಗಿಲಲ್ಲಿ ನಿಂತು ಚೀಲ ಇಸಿದುಕೊಂಡು ಬಿಲ್ಲೆ ಕೊಡುವ ಕೆಲಸಕ್ಕೆ ಅವಳು ಸೇರಿಬಿಟ್ಟಳು.

ಶುರುವಿನಲ್ಲಿ ಪಾರಿಶ್ವಾಡದ ಕಡೆಯ ಹಳ್ಳಿಗಳಿಂದ ಬಂದ ಹೆಂಗಸರು ಗಾದಿ ಅಂಗಡಿಯ ರೂಢಿಯಂತೆ ಚಪ್ಪಲಿಯನ್ನು ಹೊರಗೇ ಬಿಡುತ್ತಿದ್ದರು. ಹಾಕಿಕೊಂಡೇ ಬರಬಹುದು ಎಂದರೆ ನಂಬುತ್ತಿರಲಿಲ್ಲ, ಒಳಗೆ ಲಕ್ಷ್ಮಿಯ ಫೋಟೋ ಇಲ್ಲವೇ ಎಂದು ಕೇಳುತ್ತಿದ್ದರು. ಸೀರೆ ಮುಟ್ಟಲೂ ಹೆದರುತ್ತಿದ್ದವರಿಗೆ ಮಾಯಕ್ಕನೇ ಧೈರ್ಯ ಹೇಳುತ್ತಿದ್ದಳು. "ಕೈಲೆ ಹಿಡದು ನೋಡ್ರಿ. ಬ್ಯಾಡಾದ್ರ ಅಲ್ಲೇ ಇಟ್ಟು ಬರ್ರಿ, ಯಾರೂ ಏನೂ ಅನ್ನಂಗಿಲ್ಲ."

ಆಮೇಲೆ ಅವರಿಗೆ ಅದೇ ತವರುಮನೆಯಾಯಿತು. ಮೇ ತಿಂಗಳಲ್ಲಿ ಏನೂ ಬೇಕಿಲ್ಲದಿದ್ದರೂ ತಂಪಿಗೆಂದು ಬರುತ್ತಿದ್ದರು. ಮಕ್ಕಳು ತಳ್ಳುಗಾಡಿಯಲ್ಲೇ ನಿದ್ದೆ ಹೋಗುತ್ತಿದ್ದವು. ಮುಂದಿನ ವರ್ಷಕ್ಕೂ ಆಗಲಿ ಎಂದು ತಾಯಂದಿರು ಒಂದಳತೆ ದೊಡ್ಡ ಫ್ರಾಕನ್ನೇ ಆರಿಸುತ್ತಿದ್ದರು.

ಇಳಿಗಾಲ ಒಮ್ಮೆಲೇ ಬರಲಿಲ್ಲ. ಮೊದಲು ಎಸಿ ನಿಂತಿತು. ಆಮೇಲೆ ಎಣ್ಣೆ ಬರುವುದು ನಿಂತಿತು. ಖಾಲಿ ಕಾಣಬಾರದೆಂದು ಎಣ್ಣೆ ಡಬ್ಬಿಯ ಜಾಗದಲ್ಲಿ ಪ್ಲಾಸ್ಟಿಕ್ ಬಕೀಟು ಜೋಡಿಸಿದರು. ಸಕ್ಕರೆಯ ಜಾಗಕ್ಕೂ ಬಕೀಟು ಬಂದವು. ಕೊನೆಗೊಂದು ದಿನ, ದೀಪಾವಳಿಯ ಹೊತ್ತಿಗೆ ಖಾನಾಪುರದ ಶಾಖೆ ಮುಚ್ಚುವುದೆಂದು ಬಾಗಿಲಿಗೇ ಬೋರ್ಡು ಬಿತ್ತು.

ಬೋರ್ಡು ನೋಡಿ ಒಳಗೆ ಬಂದವರಲ್ಲಿ ಹಳೆಯ ಗಿರಾಕಿ ಮನಿಷಾ ಒಬ್ಬಳು. ಎರಡನೇ ಇಯತ್ತೆ ಓದುವ ಮಗನ ಕೈ ಹಿಡಿದು, ಬರಿದಾದ ಮಕ್ಕಳ ಬಟ್ಟೆಯ ಸ್ಟ್ಯಾಂಡಿನ ಮುಂದೆ ಬಹಳ ಹೊತ್ತು ನಿಂತಳು.

"ಇವನ ಮೊದಲನೇ ಜಬಲಾ ಅಂಗಿ ಇಲ್ಲೇ ತಗೊಂಡಿದ್ದೆ, ಮಾವಶಿ. ಹಿಂದ ಗುಂಡಿ ಇದ್ದದ್ದು ಬ್ಯಾಡ, ಕೂಸು ಅಂಗಾತ ಮಲಗತೈತಿ, ಚುಚ್ಚತಾವು ಅಂತ ನೀವ ಹೇಳಿದ್ರಿ," ಎಂದಳು. ಖಾಲಿ ಹ್ಯಾಂಗರೊಂದನ್ನು ಪಕ್ಕಕ್ಕೆ ಸರಿಸುತ್ತ, "ಈಗ ಎಲ್ಲಾ ಮೊಬೈಲ್‌ನಾಗ ತರಸ್ತೀನ್ರಿ. ಸುಳ್ಳ ಯಾಕ ಹೇಳ್ಲಿ, ಇದು ಮುಚ್ಚಾಕ ನಂದೂ ಒಂದು ಕೈ ಐತಿ."

ಹುಡುಗನನ್ನು ಕಟ್ಟಿಕೊಂಡು ಬಿಸಿಲಲ್ಲಿ ಬರುವುದಕ್ಕಿಂತ ಅದೇ ವಾಸಿ ಎಂದು ಮಾಯಕ್ಕ ಸಮಾಧಾನ ಹೇಳಿ ಕಳಿಸಿದಳು. ಅವಳ ಸ್ವಂತ ಸಮಾಧಾನ ಮಾತ್ರ ಎಲ್ಲೂ ಸಿಗಲಿಲ್ಲ. ಮಗಳ ನರ್ಸಿಂಗ್ ಓದು ಇನ್ನೂ ಒಂದು ವರ್ಷ ಬಾಕಿ. ಗಂಡ ನಾಗಲಿಂಗನ ಲಗೇಜ್ ಆಟೋ ಒಂದನ್ನೇ ನಂಬಿದರೆ ಓದು ನಡುದಾರಿಯಲ್ಲೇ ನಿಲ್ಲುತ್ತಿತ್ತು.

ಮ್ಯಾನೇಜರು ಬೆಳಗಾವಿಯ ಶಾಖೆಗೆ ಬರುವೆಯಾ ಎಂದು ಕೇಳಿದ್ದರು. ಹೇಗಿದೆಯೋ ನೋಡೋಣವೆಂದು ಅವಳು ಬಸ್ಸು ಹತ್ತಿದಳು. ಒಂದು ಕಾಲಕ್ಕೆ ಆ ಅಂಗಡಿಯ ಓಡುವ ಮೆಟ್ಟಿಲು ಹತ್ತುವುದಕ್ಕೆಂದೇ ಖಾನಾಪುರದಿಂದ ಜನ ಹೋಗುತ್ತಿದ್ದರು, ನಿರಿಗೆ ಸಿಕ್ಕಿಕೊಂಡೀತೆಂದು ಮುದುಕಿಯರು ಸೀರೆ ಎತ್ತಿ ಕಟ್ಟಿ ದೇವರನ್ನು ನೆನೆಯುತ್ತಿದ್ದರು. ಈಗ ಮೆಟ್ಟಿಲು ನಿಂತಿತ್ತು, ಅಡ್ಡಕ್ಕೆ ಹಗ್ಗ ಕಟ್ಟಿತ್ತು. ಕಿರಾಣಿಯ ಸಾಲಿಗೆ ಹೋಗಿ ನೋಡಿದವಳು ಯಾರನ್ನೂ ಮಾತಾಡಿಸದೆ ತಿರುಗಿ ಬಂದಳು.

"ಅಲ್ಲೂ ಬಕೀಟು ಬಂದಾವು," ಎಂದಳು ಗಂಡನಿಗೆ.

ತಮ್ಮಣ್ಣನನ್ನೇ ಕೇಳು ಎಂದ ನಾಗಲಿಂಗ. ಅದೊಂದನ್ನು ಬಿಟ್ಟು ಬೇರೆ ಹೇಳು ಎಂದಳು ಮಾಯಕ್ಕ. ದೀಪಾವಳಿಯ ಲಕ್ಷ್ಮೀಪೂಜೆಗೆ ಸಾವ್ಕಾರರು ಇಡೀ ಪೇಟೆಗೆ ಕಾರ್ಡು ಹಂಚುತ್ತಾರೆ. ಕೆಲಸ ಬಿಟ್ಟು ಒಂಬತ್ತು ವರ್ಷವಾದರೂ ಅವಳ ಮನೆಗೆ ಒಂದು ಕಾರ್ಡೂ ಬಂದಿರಲಿಲ್ಲ. ಕರೆಯದ ಬಾಗಿಲಿಗೆ ಯಾವ ಮುಖ ಹೊತ್ತು ಹೋಗುವುದು?

"ಅವನ ಗಿರಾಕಿನೆಲ್ಲಾ ಬಾಗಿಲಾಗ ನಿಂತು ಒಳಗ ಕರದಾಕಿ ನೀನು," ಎಂದ ನಾಗಲಿಂಗ. "ಮ್ಯಾಲ ಕಾರ್ಡ ಬ್ಯಾರೆ ಬೇಕೇನು ನಿನಗ?"

ಆ ಮಾತು ಚುಚ್ಚಿತು, ಆದರೆ ಸುಳ್ಳಾಗಿರಲಿಲ್ಲ. ಅಮಾವಾಸ್ಯೆಯ ಸಂಜೆ ಅವಳು ಒಂದು ತೆಂಗಿನಕಾಯಿ ಹಿಡಿದು ಸಾವ್ಕಾರರ ಅಂಗಡಿಗೆ ಹೋದಳು. ಮೊದಲು ಕಣ್ಣಿಗೆ ಬಿದ್ದವರು ಸಾವ್ಕಾರರ ಹೆಂಡತಿ ಸೋನಾಬಾಯಿ. ಇಷ್ಟು ವರ್ಷ ಪೂಜೆಗೆ ಯಾಕೆ ಬರಲಿಲ್ಲವೆಂದು ಅವರೇ ಎದುರು ಕೇಳಿದರು.

"ಕಾರ್ಡ ಬರಲಿಲ್ಲಲ್ರಿ ವೈನಿ," ಎಂದಳು ಮಾಯಕ್ಕ, ನೆಲ ನೋಡುತ್ತ.

ಸಮೆ ದೀಪಕ್ಕೆ ಬತ್ತಿ ಹಾಕುತ್ತಿದ್ದ ತಮ್ಮಣ್ಣ ಇತ್ತ ತಿರುಗಿದರು. "ಕಾರ್ಡ ಗಿರಾಕಿಗೆ ಕೊಡತಾರ. ಗಾದಿ ಮ್ಯಾಲ ಕುಂತಾಕಿಗೆ ಯಾರರ ಕಾರ್ಡ ಕೊಡತಾರೇನು? ಕೆಲಸ ಬಿಟ್ಟಳು ಅಂತ ನನಗ ಸಿಟ್ಟ ಬರಲಿಲ್ಲ. ಪೂಜಾಕ್ಕೂ ಬರಲಿಲ್ಲ ಅಂತ ಬಂತು."

ಮಾಯಕ್ಕ ನಿಂತಲ್ಲೇ ನೆನಪು ಮಾಡಿಕೊಂಡಳು. ಅಲ್ಲಿ ದುಡಿಯುವಾಗಲೂ ಅವಳಿಗೆ ಎಂದೂ ಕಾರ್ಡು ಕೊಟ್ಟಿರಲಿಲ್ಲ. ಮಧ್ಯಾಹ್ನವೇ ಬಂದು ಪ್ರಸಾದದ ಚುರಮುರಿ ಕಟ್ಟಲು ಕೂರುತ್ತಿದ್ದಳು, ಅಷ್ಟೇ. ಅವರು ಕರೆಯಲಿ ಎಂದು ಇವಳು, ಅವಳು ಬರಲಿ ಎಂದು ಅವರು, ಒಂದೇ ಊರಲ್ಲಿ ಇಷ್ಟು ದೀಪಾವಳಿ ಕಳೆದಿದ್ದರು.

ಆಗ ಅವಳು ಬಂದ ಕಾರಣವನ್ನು ಮುಚ್ಚಿಡದೆ ಹೇಳಿದಳು. ತಮ್ಮಣ್ಣ ಕೂಡಲೇ ಹೂಂ ಅನ್ನಲಿಲ್ಲ. ದಂಧೆ ಮೊದಲಿನಂತಿಲ್ಲ, ಸೋವಿ ಬಜಾರ ಮುಚ್ಚಿತೆಂದು ಗಿರಾಕಿಗಳೇನು ಗಾದಿಗೆ ತಿರುಗಿ ಬರುವುದಿಲ್ಲ, ಅವರೆಲ್ಲ ಈಗ ಮೊಬೈಲಿನಲ್ಲಿದ್ದಾರೆ ಎಂದರು. ತುಳಸಿ ಲಗ್ನ ಆದ ಮೇಲೆ ಮದುವೆ ಸೀಜನ್ನಿಗೆ ಬೇಕಾದರೆ ಬರಲಿ ಎಂದರು.

"ಸೀಜನ್ ಮುಗದ ಮ್ಯಾಲೂ ಬಿಡಸಂಗಿಲ್ಲ ಅಂದ್ರ ಬರತೀನ್ರಿ ಸಾವ್ಕಾರ್ರ. ಮಗಳ ಓದು ಮಳಿಗಾಲದಾಗೂ ಇರತೈತಿ."

"ಬಾಗಿಲಾಗ ನಿಂತು ಭಾಳ ಮಾತು ಕಲತೀ," ಎಂದು ನಕ್ಕರು ತಮ್ಮಣ್ಣ. "ನೋಡೂಣು."

ಅವರು ಪೂಜೆಯ ಕಡೆ ತಿರುಗಿದ ಮೇಲೆ ಸೋನಾಬಾಯಿ ಅವಳ ಕಿವಿಯ ಹತ್ತಿರ ಬಂದರು. "ಲಗ್ನಕ್ಕ ನನ್ನ ನೋಡಾಕ ಬಂದಾಗೂ ಹಿಂಗ ನೋಡೂಣು ಅಂದು ಹೋಗಿದ್ರು. ಹಿತ್ತಲದಾಗ ನಲ್ಲಿ ಐತಿ, ಕೈ ತೊಳಕೊಂಡು ಬಾ."

ಹೊರಗೆ ಕಾರ್ಡು ಹಿಡಿದವರು ಸೇರತೊಡಗಿದ್ದರು. ಮಾಯಕ್ಕ ಸೆರಗು ಸಿಕ್ಕಿಸಿ, ಮೊಣಕಾಲು ಹಿಡಿದುಕೊಂಡು ಮೆಲ್ಲಗೆ ಕೂತು, ಚುರಮುರಿ-ಬತ್ತಾಸಿನ ಪುಡಿಕೆ ಕಟ್ಟಲು ಶುರುಮಾಡಿದಳು. ಮನೆಗೆ ಒಯ್ಯಲೆಂದು ಸೋನಾಬಾಯಿ ಮೊದಲ ಪುಡಿಕೆಯನ್ನು ಅವಳ ಮುಂದೆಯೇ ತೆಗೆದಿಟ್ಟರೆ, ಅವಳು ಅದನ್ನು ತಿರುಗಿ ಬುಟ್ಟಿಗೆ ಹಾಕಿದಳು.

"ಬಂದವರಿಗೆ ಆಗಲಿ ವೈನಿ. ಉಳದ್ರ ಒಯ್ತೀನಿ."