ತಾಯಲೂರಿನ ಮಗುವೂ ವಿಲಾಯತಿ ರಾಣಿಯ ವಂಶವೂ

ಎರಡನೇ ಮಹಾಯುದ್ಧ ಶುರುವಾಗುವ ಹಿಂದಿನ ವರ್ಷ ನಾನು ಕೋಲಾರದ ಒಂದು ಹೆಂಗಸರ ಆಸ್ಪತ್ರೆಯಲ್ಲಿ ಆಯಾ ಆಗಿದ್ದೆ. ಓದಿದ್ದು ಮೂರನೇ ಕ್ಲಾಸು. ಗಾಯ ತೊಳೆಯುವುದು, ಹೆರಿಗೆಗೆ ನೀರು ಕಾಯಿಸುವುದು, ಇಂಗ್ಲೆಂಡಿನಿಂದ ಬಂದಿದ್ದ ಡಾಕ್ಟರಮ್ಮನ ಅರೆಬರೆ ಕನ್ನಡವನ್ನು ಜನಕ್ಕೆ ತಿಳಿಯುವಂತೆ ಹೇಳುವುದು ನನ್ನ ಕೆಲಸ. ಮೂರನ್ನೂ ಚೆನ್ನಾಗಿ ಮಾಡುತ್ತಿದ್ದೆ.

ಒಂದು ಗುರುವಾರ ತಾಯಲೂರಿನಿಂದ ಅತ್ತೆ ಸೊಸೆ ಬಂದರು. ಸೊಸೆ ನಾರಾಯಣಮ್ಮನ ಸೊಂಟದ ಮೇಲೆ ಹತ್ತು ತಿಂಗಳ ಗಂಡುಮಗು. ಅಂಬೆಗಾಲಿಡಲು ಶುರುಮಾಡಿದಾಗಿನಿಂದ ಅದರ ಮಂಡಿ ಊದಿಕೊಂಡಿತ್ತು. ಮೈಮೇಲೆ ಅಲ್ಲಲ್ಲಿ ನೇರಳೆಹಣ್ಣು ಹಿಸುಕಿದಂಥ ಕಲೆ.

"ಇವಳೇ ಎಲ್ಲೋ ಎತ್ತಾಕಿರ್ತಾಳೆ," ಅಂದಳು ಅತ್ತೆ ವೆಂಕಟಮ್ಮ. "ಬೇಗ ಎಣ್ಣೆಗಿಣ್ಣೆ ಕೊಡಮ್ಮ. ಸೋಮವಾರ ಕಿವಿ ಚುಚ್ಚಬೇಕು, ಆಚಾರಿಗೆ ಹೇಳಾಗೈತೆ."

ನಮ್ಮ ಕಡೆ ಕಿವಿ ಚುಚ್ಚುವಾಗ ಮಗು ಸೋದರಮಾವನ ತೊಡೆಯ ಮೇಲೆ ಕೂರಬೇಕು. ಮಂಡಿಗೆ ಬಟ್ಟೆ ಸುತ್ತುತ್ತಾ ಸುಮ್ಮನೆ ಮಾತಿಗೆ ಕೇಳಿದೆ, "ಮಾವ ಯಾವೂರು?"

"ಎಲ್ಲಿಯ ಮಾವ? ಇವಳ ತವರಲ್ಲಿ ಗಂಡೇ ನಿಲ್ಲಲ್ಲ. ಇವಳ ಚಿಕ್ಕಪ್ಪನ ಮಗನ್ನ ಕೂರಿಸ್ತೀವಿ."

ಸೊಸೆಯ ಕಡೆ ತಿರುಗಿದೆ. ಅವಳು ಮಗುವನ್ನೇ ನೋಡುತ್ತಾ ಹೇಳಿದಳು, "ಇಬ್ರಿದ್ರು ಅಕ್ಕ. ದೊಡ್ಡೋನು ಹಲ್ಲು ಬಿದ್ದಾಗ ರಕ್ತ ನಿಲ್ದೆ ಹೋದ. ಚಿಕ್ಕೋನು ಕುಡುಗೋಲು ತಗುಲಿ. ನನ್ನ ಮೊದಲ್ನೇ ಮಗೂನೂ ಕಿವಿ ಚುಚ್ಚಿದ ಮೂರನೇ ದಿನ."

"ಅದು ಮಾವನ ತೊಡೆ ಇಲ್ದೆ ಮಗುವಿನಪ್ಪನ ತೊಡೆ ಮೇಲೆ ಚುಚ್ಚಿಸಿದ್ದಕ್ಕೆ," ಅಂದಳು ಅತ್ತೆ.

ನಾನು ಬಟ್ಟೆ ಅಲ್ಲೇ ಬಿಟ್ಟು ಡಾಕ್ಟರಮ್ಮನ ಬಳಿ ಹೋಗಿ ಮೂರು ಸಾವುಗಳನ್ನೂ ಹೇಳಿದೆ. ಅವರು ಬಂದು ಮಗುವನ್ನು ನೋಡಿದರು, ತಮ್ಮ ಕೋಣೆಯ ಗೋಡೆಯಿಂದ ಒಂದು ಪಟ ಇಳಿಸಿ ತಂದರು. ಹಳೆಯ ಬೆಳ್ಳಿ ರೂಪಾಯಿಯ ಮೇಲೆ ತಲೆಯಿದ್ದ ವಿಲಾಯತಿ ರಾಣಿ, ಸುತ್ತ ಅವಳ ಸಂಸಾರ. ಡಾಕ್ಟರಮ್ಮ ಒಂದೊಂದೇ ಮುಖ ತೋರಿಸಿ ಹೇಳಿದ್ದನ್ನು ನಾನು ಅತ್ತೆ ಸೊಸೆಗೆ ತಿಳಿಯುವಂತೆ ಹೇಳಿದೆ. ರಾಣಿಯ ಒಬ್ಬ ಮಗ ರಕ್ತ ನಿಲ್ಲದೆ ಸತ್ತ. ಒಬ್ಬ ಮಗಳಿಗೆ ಏನೂ ಆಗಲಿಲ್ಲ, ಅವಳ ಮಗ ಸತ್ತ. ಆ ಮಗಳ ಮಗಳು ರಷ್ಯಾದ ರಾಜನ ಕೈ ಹಿಡಿದಳು, ಅವಳ ಮಗನಿಗೂ ಅದೇ. ಇನ್ನೊಬ್ಬ ಮಗಳ ಕಡೆಯಿಂದ ಅದು ಸ್ಪೇನ್ ದೇಶದ ಅರಮನೆಗೂ ಹೋಯಿತು. ಹೆಸರು ಹಿಮೋಫಿಲಿಯಾ, ರಕ್ತ ಹೆಪ್ಪುಗಟ್ಟದ ಕಾಯಿಲೆ. ತಾಯಿಯ ಮೂಲಕ ಬರುತ್ತದೆ, ಗಂಡುಮಕ್ಕಳನ್ನು ಹಿಡಿಯುತ್ತದೆ. ಔಷಧಿ ಇಲ್ಲ. ಸೂಜಿ ತಾಗಿಸಿದರೆ ಈ ಮಗುವೂ ಹೋಗುತ್ತದೆ.

ನಾನು ಹೇಳಿ ಮುಗಿಸುತ್ತಿದ್ದಂತೆ ವೆಂಕಟಮ್ಮ ಎದ್ದಳು. "ಹಂಗಾದ್ರೆ ಎಲ್ಲಾ ಇವಳಿಂದ್ಲೇ. ಇವತ್ತೇ ತವರಿಗೆ ಬಿಟ್ಟು ಬರ್ತೀನಿ."

"ಬಿಟ್ಟು ಬಾ," ಅಂದೆ. "ಮಗು ಬೀಳೋಕೆ ಮುಂಚೆ ಓಡಿ ಹಿಡಿಯೋರು ಯಾರು, ನೀನಾ? ನಿನ್ ಮಂಡಿ ಅದಕ್ಕಿಂತ ಊದೈತೆ. ಆ ರಾಣಿ ಹೆಣ್ಮಕ್ಕಳನ್ನ ಯಾವ ರಾಜನೂ ತವರಿಗೆ ಅಟ್ಟಲಿಲ್ಲ."

ಅಟ್ಟಿದರೋ ಇಲ್ಲವೋ ನನಗೆ ಗೊತ್ತಿರಲಿಲ್ಲ. ಅವಳಿಗೂ ಗೊತ್ತಿರಲಿಲ್ಲ. ಕೂತಳು.

"ಕಿವಿ ಚುಚ್ಚದಿದ್ರೆ ನೆಂಟರು ಏನಂತಾರೆ?"

"ಸೋಮವಾರ ನಾನೇ ಬರ್ತೀನಿ."

ಹೋದೆ. ಚಿಕ್ಕಪ್ಪನ ಮಗನ ತೊಡೆಯ ಮೇಲೆ ಮಗು, ಎದುರಿಗೆ ಚಿನ್ನದ ತಂತಿ ಹಿಡಿದ ಆಚಾರಿ. ತಂತಿಯನ್ನು ದೂರವಿಟ್ಟು, ಓಲೆಯನ್ನು ರೇಷ್ಮೆ ದಾರದಲ್ಲಿ ಕಿವಿಗೆ ಸುತ್ತಿ ಕಟ್ಟು ಎಂದೆ.

"ನನ್ ಕೈಗೆ ಕೆಟ್ಟೆಸರು ಕಣಮ್ಮ," ಅಂದ.

ನಾನು ಬಾಯಿ ತೆರೆಯುವ ಮೊದಲೇ ವೆಂಕಟಮ್ಮ ತಂತಿ ಕಿತ್ತುಕೊಂಡಳು. "ರಾಣಿ ಮೊಮ್ಮಗನಿಗೇ ನಿಲ್ದಿರೋ ರಕ್ತ ನಿನ್ ಕೈಲಿ ನಿಲ್ಲುತ್ತೇನೋ? ಕಟ್ಟೋ ದಾರಾನ."

ಕಟ್ಟಿದ.

ಆ ಹುಡುಗ ಸ್ಲೇಟು ಹಿಡಿದು ಸ್ಕೂಲಿಗೆ ಹೋಗುವುದನ್ನು ನಾನು ಕಂಡಿದ್ದೇನೆ. ಒಂದು ಕಾಲು ಪೂರ್ತಿ ಮಡಿಸಲು ಬರುತ್ತಿರಲಿಲ್ಲ. ಆಮೇಲಿನದು ಗೊತ್ತಿಲ್ಲ.

ವಂಶದ ವಿಚಾರ ಕೇಳಿದರೆ ಜನ ತಂದೆ, ತಾತ, ಮುತ್ತಾತ ಎಂದು ಗಂಡಸರ ಹೆಸರು ಹೇಳುತ್ತಾರೆ. ಕಾಯಿಲೆಗೆ ಆ ಮರ್ಯಾದೆ ತಿಳಿಯದು. ತವರಲ್ಲಿ ಯಾರು ಯಾರು ಹೇಗೆ ಸತ್ತರು ಎಂಬುದು ಸೊಸೆಗೆ ಗೊತ್ತಿರುತ್ತದೆ. ಎರಡೂ ಮನೆ ಸೇರಿ ಮೂರು ಜೀವ ಹೋಗುವವರೆಗೆ ಅವಳನ್ನು ಯಾರೂ ಕೇಳಿರಲಿಲ್ಲ.