ಗರಾಜಿನ ಒಲೆ, ಆರು ಮನೆಯ ವಿಮೆ

ಬ್ರಿಸ್ಬೇನಿನ ರನ್‌ಕಾರ್ನ್‌ನಲ್ಲಿ ನಾವು ಕೊಂಡಿದ್ದು ಒಂದಕ್ಕೊಂದು ಅಂಟಿಕೊಂಡ ಆರು ಮನೆಗಳ ಸಾಲಿನಲ್ಲಿ ಒಂದು ಟೌನ್‌ಹೌಸ್. ಸೂರು ಒಂದೇ, ಹಾಗಾಗಿ ಕಟ್ಟಡದ ವಿಮೆಯೂ ಒಂದೇ. ವಿಮೆ ಮಾಡಿಸಲು, ಚಾವಣಿ ರಿಪೇರಿ ಮಾಡಿಸಲು, ಪಾರ್ಕಿಂಗ್ ಜಗಳ ಬಿಡಿಸಲು ಮಾಲೀಕರೆಲ್ಲ ಸೇರಿದ ಒಂದು ಸಂಘವಿರುತ್ತದೆ. ಅದಕ್ಕೆ ಅಲ್ಲಿ ಬಾಡಿ ಕಾರ್ಪೊರೇಟ್ ಎನ್ನುತ್ತಾರೆ. ಹೆಸರು ಕೇಳಿದರೆ ದೊಡ್ಡ ಕಂಪನಿ ಅನ್ನಿಸಬೇಕು, ನಮ್ಮದು ಮಾತ್ರ ಯಾರದೋ ಹಿತ್ತಲಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂರುವ ಸಭೆ. ಒಂದು ಸಲ ಮಗುವಿಗೆ ಜ್ವರವೆಂದು ನಾನು ಹೋಗಲಿಲ್ಲ. ಬಾರದವಳೇ ಕಾರ್ಯದರ್ಶಿಯಾಗಲಿ ಎಂದು ಎಲ್ಲರೂ ಕೈ ಎತ್ತಿದರಂತೆ. ಹಾಗೆ ಅದು ನನ್ನ ಕೊರಳಿಗೆ ಬಿತ್ತು.

ಕೊನೆಯ ಮನೆಯಲ್ಲಿ ಮೈಸೂರಿನ ಆಂಟಿ, ಅಂಕಲ್ ಇದ್ದರು. ಅಂಕಲ್‌ಗೆ ಉಬ್ಬಸ. ಮನೆಯೊಳಗೆ ಒಗ್ಗರಣೆ ಹಾಕಿದರೆ ಸಾಕು, ಕೆಮ್ಮು ಶುರುವಾಗಿ ನಿಲ್ಲುತ್ತಲೇ ಇರಲಿಲ್ಲ. ಅದಕ್ಕೆ ಆಂಟಿ ಗರಾಜಿನಲ್ಲಿ ಸಿಲಿಂಡರ್ ಇಟ್ಟು, ಒಲೆ ಹೂಡಿ, ಗೋಡೆಗೆ ಶೆಲ್ಫ್ ಹೊಡೆಸಿ ಇನ್ನೊಂದು ಅಡುಗೆಮನೆಯನ್ನೇ ಮಾಡಿಕೊಂಡಿದ್ದರು. ಕಾರು ಬಿಸಿಲಲ್ಲಿ ನಿಲ್ಲುತ್ತಿತ್ತು. ನಮ್ಮ ಜನರಲ್ಲಿ ಅರ್ಧಕ್ಕರ್ಧ ಮಂದಿ ಹೀಗೆಯೇ ಮಾಡುತ್ತಿದ್ದರು, ಯಾರಿಗೂ ಅದು ತಪ್ಪೆಂದು ಹೊಳೆದಿರಲಿಲ್ಲ.

ನನ್ನ ಬಾಣಂತನ ನಡೆದದ್ದು ಆ ಒಲೆಯ ಮೇಲೆ. ಅಮ್ಮನ ವೀಸಾ ಹೊತ್ತಿಗೆ ಬರಲಿಲ್ಲ. ಆಂಟಿ ಬೆಳ್ಳುಳ್ಳಿ ಹಾಕಿದ ಮೆಣಸಿನ ಸಾರು, ಸಬ್ಬಸಿಗೆ ಸೊಪ್ಪಿನ ಪಲ್ಯ ಮಾಡಿ ತಂದು, ಎದುರಿಗೆ ಕೂತು ಉಣ್ಣಿಸಿದರು. ಸುದ್ದಿ ಹರಡಿ, ಸುತ್ತಮುತ್ತಲ ಕನ್ನಡದ ಬಾಣಂತಿಯರಿಗೆಲ್ಲ ಅಲ್ಲಿಂದಲೇ ಡಬ್ಬಿ ಹೋಗತೊಡಗಿತು. ಮಕ್ಕಳಿಲ್ಲದ ಆಂಟಿಗೆ ಅದೇ ಕೆಲಸ, ಅದೇ ಸಂತೋಷ.

ಮೊದಲನೆಯ ಮನೆಯಲ್ಲಿ ಒಬ್ಬಂಟಿ ಆಸ್ಟ್ರೇಲಿಯನ್ ಮುದುಕರು. ಮೊದಲು ಇಪ್ಸ್‌ವಿಚ್‌ನಲ್ಲಿ ನದಿಯ ಹತ್ತಿರ ಅವರ ಮನೆಯಿತ್ತು. ಪ್ರವಾಹದಲ್ಲಿ ಅದು ಹೋಯಿತು. ನದಿ ಉಕ್ಕಿ ಬಂದ ನೀರು ನಮ್ಮ ಲೆಕ್ಕಕ್ಕೆ ಬರುವುದಿಲ್ಲ ಎಂದು ವಿಮೆಯವರು ಕೈ ತೊಳೆದುಕೊಂಡರಂತೆ. ಉಳಿದ ಹಣವನ್ನೆಲ್ಲ ಸುರಿದು ಇಲ್ಲಿ ಮನೆ ಕೊಂಡಿದ್ದರು. ನಾನು ಕಣ್ಣಿಗೆ ಬಿದ್ದಾಗಲೆಲ್ಲ ಅಂಚೆಪೆಟ್ಟಿಗೆಯ ಹತ್ತಿರ ನಿಲ್ಲಿಸಿ, ವಿಮೆ ಸರಿಯಾಗಿದೆ ತಾನೆ ಎಂದು ಕೇಳುತ್ತಿದ್ದರು. ಸರಿಯಾಗಿದೆ ಎನ್ನುತ್ತಿದ್ದೆ.

ಆ ವರ್ಷ ವಿಮೆ ನವೀಕರಿಸುವ ಮುಂಚೆ ಬ್ರೋಕರ್ ಫೋನು ಮಾಡಿದ. ಯಾವುದಾದರೂ ಗರಾಜಿನಲ್ಲಿ ಅಡುಗೆ ಮಾಡುತ್ತಾರೆಯೇ ಎಂದು ಕಂಪನಿ ಕೇಳುತ್ತಿದೆ, ಮುಂದಿನ ವಾರ ನೋಡಲು ಜನ ಬರುತ್ತಾರೆ ಎಂದ. ಕಾರ್ಯದರ್ಶಿ ತನಗೆ ಗೊತ್ತಿದ್ದದ್ದನ್ನು ಮುಚ್ಚಿಟ್ಟು, ನಾಳೆ ಬೆಂಕಿ ಬಿದ್ದರೆ, ಆರೂ ಮನೆಗೆ ಪರಿಹಾರ ಸಿಗದೆ ಹೋಗಬಹುದು ಎಂದೂ ಸೇರಿಸಿದ. ವಿಚಾರಿಸಿ ಹೇಳುತ್ತೇನೆ ಎಂದೆ. ವಿಚಾರಿಸುವುದೇನು ಮಣ್ಣು, ಅಲ್ಲಿ ಉಂಡು ಎದ್ದವಳು ನಾನು.

ಇಲ್ಲ ಎಂದು ಹೇಳಿಬಿಡು, ಅವರು ಬರುವ ದಿನ ಆಂಟಿ ಶಟರ್ ಎಳೆದುಬಿಡಲಿ ಎಂದರು ನನ್ನ ಗಂಡ. ಪಕ್ಕದ ಮನೆಯ ಕನ್ನಡದವರು ಉಂಡ ಮನೆಗೆ ಎರಡು ಬಗೆಯಬಾರದು ಎಂದರು. ನನಗೆ ಮೈಯೆಲ್ಲ ಉರಿಯಿತು. ಅವರಿಗೇನು, ಗಾದೆ ಹೇಳಿ ಮನೆಗೆ ಹೋದರು, ಸಹಿ ಹಾಕಬೇಕಾದವಳು ನಾನು. ಈ ಕೆಲಸ ಬಿಡುತ್ತೇನೆಂದರೆ ತೆಗೆದುಕೊಳ್ಳುವವರಿಲ್ಲ. ಬಿಟ್ಟರೂ ಗೊತ್ತಿರುವುದು ಗೊತ್ತಿಲ್ಲದಂತಾಗುತ್ತದೆಯೇ? ಅತ್ತ ದರಿ, ಇತ್ತ ಪುಲಿ. ಆ ವಾರವೆಲ್ಲ ಆಂಟಿಯ ಗರಾಜಿನಿಂದ ಒಗ್ಗರಣೆಯ ಘಮ ಬಂದರೆ ಕಿಟಕಿ ಮುಚ್ಚುತ್ತಿದ್ದೆ. ಮುದುಕರು ಕಂಡರೆ ಒಳಗೆ ಸೇರಿಕೊಳ್ಳುತ್ತಿದ್ದೆ. ಸ್ವಂತ ಮನೆ ಕೊಂಡು ಅದರಲ್ಲೇ ಬಚ್ಚಿಟ್ಟುಕೊಂಡು ಬದುಕುವ ಸ್ಥಿತಿ ಬಂದಿತ್ತು.

ಶನಿವಾರ ಮಧ್ಯಾಹ್ನ ಆಂಟಿಯ ಗರಾಜಿಗೆ ಹೋದೆ. ಹಿಂದಿನ ಬೀದಿಯಲ್ಲಿ ಆಗಷ್ಟೇ ಹೆತ್ತಿದ್ದ ಹುಡುಗಿಯೊಬ್ಬಳಿಗೆ ಕೊಡುವ ಸಾರಿಗೆ ಬೇಳೆ ಬೇಯುತ್ತಿತ್ತು. ಮುದುಕರ ಕಥೆ ಹೇಳಿದೆ, ಬ್ರೋಕರ್ ಹೇಳಿದ್ದನ್ನು ಹೇಳಿದೆ.

"ಈ ಒಲೆ ತೆಗೀಲೇಬೇಕು ಆಂಟಿ. ಸುಳ್ಳು ಹೇಳೋಕೆ ನನ್ ಕೈಲಾಗಲ್ಲ."

ಆಂಟಿ ಸೌಟು ಕೆಳಗಿಟ್ಟರು.

"ನಿನ್ ಬಾಣಂತನ ಮುಗಿಯೋವರ್ಗೂ ಇದು ಅಡುಗೆಮನೆ ಆಗಿತ್ತು. ಈಗ ಗರಾಜ್ ಆಗ್ಬಿಡ್ತಾ?"

ಅವರು ಒಲೆ ಆರಿಸಿ ಅಂಕಲ್‌ರನ್ನು ಕರೆದರು. ಅಂಕಲ್ ಸಿಲಿಂಡರ್ ಬಿಚ್ಚಿ ಹೊರಗೆ ಸಾಗಿಸಿದರು. ನಾನೂ ಒಂದು ಕೈ ಹಿಡಿಯಲು ಹೋದರೆ ಬೇಡವೆಂದು ತಲೆಯಾಡಿಸಿದರು.

ಮನೆಗೆ ಬಂದು ಅತ್ತುಬಿಟ್ಟೆ. ಕಣ್ಣು ಒರೆಸಿಕೊಳ್ಳುವಷ್ಟರಲ್ಲಿ ಬಾಗಿಲು ಬಡಿದ ಸದ್ದಾಯಿತು. ಬಟ್ಟೆಯಲ್ಲಿ ಹಿಡಿದ ಬೇಳೆಯ ಬಿಸಿ ಪಾತ್ರೆಯೊಂದಿಗೆ ಆಂಟಿ ನಿಂತಿದ್ದರು.

"ಆ ಹುಡುಗಿ ಹಸ್ಕೊಂಡಿರ್ತಾಳೆ. ನಿನ್ ಒಲೆಗೆ ಇನ್ಶೂರೆನ್ಸ್ ಇದ್ಯಲ್ಲ, ಇಲ್ಲೇ ಮಾಡ್ತೀನಿ."

ನಾನು ಪಕ್ಕಕ್ಕೆ ಸರಿದೆ. ಮಾರನೆಯ ದಿನವೂ ಬಂದರು, ಅದರ ಮಾರನೆಯ ದಿನವೂ. ಕಂಪನಿಯವರು ಬಂದು ಖಾಲಿ ಗರಾಜು ನೋಡಿಕೊಂಡು ಹೋದರು, ವಿಮೆ ಆಯಿತು. ಸರಿಯಾಗಿದೆ ಎಂದು ಮುದುಕರಿಗೆ ಮುಖ ಕೊಟ್ಟು ಹೇಳಿದೆ. ಆಂಟಿ ಮಾತ್ರ ಬರುವುದನ್ನು ನಿಲ್ಲಿಸಲಿಲ್ಲ, ಬೇಡವೆನ್ನುವ ಬಾಯಿ ನನಗಿರಲಿಲ್ಲ. ನನ್ನದೇ ಅಡುಗೆಮನೆಯ ಮೂಲೆಯಲ್ಲಿ ಕೈಕಟ್ಟಿ ನಿಂತಿರುತ್ತಿದ್ದೆ. ಅವರು ಸಾರು ಕುದಿಸಿ, ಡಬ್ಬಿಗೆ ತುಂಬಿ, ಒಲೆ ಒರೆಸಿ ಹೊರಡುತ್ತಿದ್ದರು. ನನಗೆಂದು ಒಂದು ಸೌಟು ಸಾರನ್ನೂ ಯಾವತ್ತೂ ಉಳಿಸಲಿಲ್ಲ.